ಐವತ್ತೇಳನೇ ಇಸವಿಯ ಚಳಿ

ಮಾನ್ಯ ಅಧ್ಯಕ್ಷರೂ ನಮ್ಮ ಆರೋಗ್ಯಾಧಿಕಾರಿಗಳೂ ಆದ ಡಾಕ್ಟರ್ ಕರಿಬಸವರಾಜ ಅವರೇ, ಈ ಸೆಕೆಯಲ್ಲಿ ನನಗೆ ಜರಿಶಾಲು ಹೊದಿಸಿ ಸನ್ಮಾನಿಸಿದ ಮಂಡಿಪೇಟೆಯ ವರ್ತಕರಾದ ಫಜಲುಲ್ಲಾ ಸಾಹೇಬರೇ, ಉಪ್ಪಿಟ್ಟು ಆರುವ ಮೊದಲೇ ನನ್ನ ಮಾತು ಮುಗಿಯಲೆಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿರುವ ಸಹೋದ್ಯೋಗಿ ಮಿತ್ರರೇ, ತಾಯಂದಿರೇ, ಸಭಿಕರೇ,

ಇಂದು 1964ನೇ ಇಸವಿ ಮಾರ್ಚ್ ಮೂವತ್ತೊಂದು. ಮಾಲತೇಶಪ್ಪನೆಂಬ ಈ ಉಗ್ರಾಣಿ ಇಂದು ಬೀಗದಕೈ ಒಪ್ಪಿಸಿ ಮನೆಗೆ ಹೋಗುವ ದಿನ. ನನಗಿಂತ ಮೊದಲು ಮಾತಾಡಿದವರೆಲ್ಲ ನನ್ನನ್ನು ಎಷ್ಟು ಹೊಗಳಿದರೆಂದರೆ, ಯಾರೋ ತೀರಿಕೊಂಡಿರಬೇಕು ಎಂದು ನನಗೇ ಒಂದು ಕ್ಷಣ ಅನುಮಾನವಾಯಿತು. ಹೊಗಳಿಕೆ ನನಗೆ ಸಲ್ಲತಕ್ಕದ್ದಲ್ಲ. ಅದು ಸಲ್ಲಬೇಕಾದ್ದು ನನ್ನ ಉಷ್ಣತಾ ಪುಸ್ತಕಕ್ಕೆ.

ಹೊಸಬರಿಗಾಗಿ ಹೇಳುತ್ತೇನೆ. ನಮ್ಮ ಉಗ್ರಾಣದಲ್ಲಿ ಒಂದು ತಣ್ಣನೆಯ ಕೋಣೆ ಇದೆ. ಬೆಂಗಳೂರಿನಿಂದ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬರುವ ಸಿಡುಬಿನ ಲಸಿಕೆಯನ್ನು ಅದರಲ್ಲಿ ಇಡುತ್ತೇವೆ. ಅಲ್ಲಿಂದ ಅದು ದಾಕು ಹಾಕುವವರ, ಅಂದರೆ ಲಸಿಕೆ ಚುಚ್ಚುವವರ ಕೈಗೆ, ಅವರಿಂದ ಹಳ್ಳಿಯ ಮಕ್ಕಳ ತೋಳಿಗೆ. ಬಿಸಿಯಾದರೆ ಲಸಿಕೆ ಸತ್ತುಹೋಗುತ್ತದೆ. ಸತ್ತದ್ದು ನೋಡಿದರೆ ಗೊತ್ತಾಗುವುದಿಲ್ಲ, ಬಣ್ಣ ಅದೇ, ನಳಿಕೆ ಅದೇ. ಆದ್ದರಿಂದ ದಿನಕ್ಕೆ ಮೂರು ಸಲ ಥರ್ಮಾಮೀಟರು ನೋಡಿ ಪುಸ್ತಕದಲ್ಲಿ ಬರೆಯಬೇಕೆಂದು ಸರ್ಕಾರದ ಅಪ್ಪಣೆ. ಏಳು ವರ್ಷ, ದಿನಕ್ಕೆ ಮೂರು ಸಲ. ಒಂದು ಅಂಕಣ ಖಾಲಿ ಇಲ್ಲ, ಒಂದು ಚಿತ್ತಿಲ್ಲ. ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು ಡಿಗ್ರಿ ಫ್ಯಾರನ್‌ಹೀಟ್. ದಾವಣಗೆರೆಯ ಬೇಸಿಗೆಯಲ್ಲಿ ಇಂಥ ಶಿಸ್ತು ಮತ್ತೆಲ್ಲಿ ಕಂಡೀರಿ?

ಇದು ಹೇಗೆ ಸಾಧ್ಯವಾಯಿತು? ಕಿರಿಯರು ತಿಳಿದುಕೊಳ್ಳಲಿ. ಐವತ್ತೇಳರಲ್ಲಿ ಕೋಣೆಯನ್ನು ತಣ್ಣಗಿಡುವ ಯಂತ್ರ ಕೂಡಿಸಲು ಬಂದ ಇಂಜಿನಿಯರ್ ಒಂದು ವರ್ಷ ಇಲ್ಲೇ ಇದ್ದು, ತಾನೇ ಒಳಗೆ ಹೋಗಿ ನೋಡಿ ಬರೆದ. ಆತ ಊರಿಗೆ ಹೋದ ಮೇಲೆ ಥರ್ಮಾಮೀಟರು ನನ್ನ ಸುಪರ್ದಿಗೆ ಬಂತು. ಬೆಲೆಬಾಳುವ ವಸ್ತು, ಗಾಜಿನದು, ಒಡೆದರೆ ಹೊಣೆ ಉಗ್ರಾಣಿಯದು. ಅದನ್ನು ಆ ಒದ್ದೆ ಕತ್ತಲೆ ಕೋಣೆಯಲ್ಲಿ ಮೊಳೆಗೆ ನೇತುಹಾಕಿ ಬಿಡಲು ಯಾವ ಜವಾಬ್ದಾರಿಯುತ ನೌಕರನಿಗೆ ಮನಸ್ಸು ಬರುತ್ತದೆ? ಹತ್ತಿಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಪ್ರತಿ ವರ್ಷ ತನಿಖೆಗೆ ಬಂದವರು ಬೀರು ತೆಗೆಸಿ, ಹತ್ತಿ ಬಿಚ್ಚಿಸಿ, "ಭೇಷ್, ಒಂದು ಗೀರಿಲ್ಲ" ಎಂದು ಬರೆದು ಹೋಗಿದ್ದಾರೆ.

ಮತ್ತೆ ಪುಸ್ತಕ? ಹೋದ ವರ್ಷದ ಪುಸ್ತಕ ಇತ್ತಲ್ಲ! ನಮ್ಮ ಕಚೇರಿಯಲ್ಲಿ ಯಾವ ಕಾಗದವನ್ನಾದರೂ ಹಿಂದಿನದನ್ನು ನೋಡಿಯೇ ಬರೆಯುವುದು ಪದ್ಧತಿ. ಅದೇ ತಿಂಗಳು, ಅದೇ ತಾರೀಖು ತೆಗೆದು ನೋಡಿ ಬರೆದೆ. ಐವತ್ತೆಂಟಕ್ಕೆ ಐವತ್ತೇಳು, ಐವತ್ತೊಂಬತ್ತಕ್ಕೆ ಐವತ್ತೆಂಟು. ಒಂದೇ ಒಂದು ಸಲ ಸಿಕ್ಕಿಹಾಕಿಕೊಂಡೆ. ಅರವತ್ತನೇ ಇಸವಿಯಲ್ಲಿ ಫೆಬ್ರವರಿ ಇಪ್ಪತ್ತೊಂಬತ್ತು ಬಂದುಬಿಟ್ಟಿತು! ಹಿಂದಿನ ಯಾವ ಪುಸ್ತಕದಲ್ಲೂ ಆ ದಿನವಿಲ್ಲ. ನಾನು ಸ್ವಂತ ಬುದ್ಧಿ ಉಪಯೋಗಿಸುವವನಲ್ಲ. ಮೇಲಿನ ಕಚೇರಿಗೆ ಬರೆದು ಕೇಳಿದೆ. ಜೂನ್ ತಿಂಗಳಲ್ಲಿ ಉತ್ತರ ಬಂತು: ಹಿಂದಿನ ದಿನದ್ದನ್ನೂ ಮುಂದಿನ ದಿನದ್ದನ್ನೂ ಕೂಡಿಸಿ ಅರ್ಧ ಮಾಡತಕ್ಕದ್ದು. ಅದರಂತೆ ಮಾಡಿದೆ. ಈ ವರ್ಷ ಮತ್ತೆ ಆ ತಾರೀಖು ಬಂದಾಗ ನಾನು ನಿಶ್ಚಿಂತನಾಗಿದ್ದೆ.

ನಗುತ್ತೀರಿ. ನಗಿ, ನಗಿ. ಆದರೆ ಸಾಹೇಬರುಗಳ ಕಾಟ ನಿಮಗೇನು ಗೊತ್ತು? ಲಗ್ನದ ಕಾಲ ಬಂತೆಂದರೆ ಮಲ್ಲಿಗೆ ದಂಡೆಗಳು ನಮ್ಮ ಕೋಣೆಗೇ ಬರುತ್ತಿದ್ದವು. ಮೊಸರಿನ ಗಡಿಗೆ, ಸೋಡಾ ಬಾಟಲಿ, ಒಮ್ಮೆ ಇಪ್ಪತ್ತು ಸೇರು ಪೇಡ. ತನಿಖೆಯವರು ಬಾಗಿಲು ತೆಗೆಯಿರಿ ಎಂದರೆ ಮಾತ್ರ, "ಸ್ವಾಮಿ, ಚಳಿ ಹೊರಗೆ ಹೋಗುತ್ತದೆ" ಎಂದು ನಾನು ಕೈಮುಗಿಯುತ್ತಿದ್ದೆ. ನನ್ನ ಕರ್ತವ್ಯನಿಷ್ಠೆ ಕಂಡು ಅವರು ಹೊರಗೇ ಕೂತು ತಣ್ಣನೆಯ ಸೋಡಾ ಕುಡಿಯುತ್ತಿದ್ದರು.

ಇಲ್ಲಿ ಯಂತ್ರ ದುರಸ್ತಿಯ ಗೌಸ್ ಪೀರ್ ಅವರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಅರವತ್ತೆರಡರ ಏಪ್ರಿಲ್ ಹನ್ನೊಂದರಂದು ನಮ್ಮ ಯಂತ್ರ ಹಠಾತ್ತನೆ ನಿಂತುಹೋಯಿತು. ಹೊರಗೆ ಕೆಂಡದಂಥ ಬಿಸಿಲು. ಬಿಡಿಭಾಗ ಬೆಂಗಳೂರಿನಿಂದ ಬರಬೇಕು. ಆ ಮನುಷ್ಯ ಒಂಬತ್ತು ದಿನ ಒದ್ದಾಡಿ ಹತ್ತೊಂಬತ್ತರಂದು ಅದನ್ನು ಮತ್ತೆ ಓಡಿಸಿದರು. ಒಂಬತ್ತು ದಿನ! ಎಂಥ ಶ್ರದ್ಧೆ! ಒಳಗೆ ಕೂತು ಕೆಲಸ ಮಾಡಿದವರು, ಬೆವರಿನಲ್ಲಿ ಅಂಗಿ ಹಿಂಡುತ್ತಾ, "ಸಾಹೇಬ್ರೇ, ಹೊರಗ ತಂಪೈತ್ರಿ" ಎಂದು ಹೇಳುತ್ತಿದ್ದರು. ಆ ಒಂಬತ್ತು ದಿನವೂ ನನ್ನ ಪುಸ್ತಕದಲ್ಲಿ ಮಾತ್ರ ನಲವತ್ತು ಡಿಗ್ರಿ ತಪ್ಪಲಿಲ್ಲ.

ಯಾಕೆ ಒಬ್ಬರ ಮುಖ ಒಬ್ಬರು ನೋಡುತ್ತೀರಿ? ಈಗಷ್ಟೇ ನಗುತ್ತಿದ್ದಿರಿ.

ಸರಿ, ನಬೀ ಸಾಬರ ವಿಷಯ ನಿಮ್ಮೆಲ್ಲರ ತಲೆಯಲ್ಲಿ ಬಂದಿರಬೇಕು. ಬಂದಿದ್ದರೆ ಹೇಳಿಯೇ ಬಿಡುತ್ತೇನೆ. ಅಧ್ಯಕ್ಷರು ಬಂದು ಮೂರು ತಿಂಗಳಾಯಿತು, ಅವರಿಗೆ ಗೊತ್ತಿಲ್ಲ. ನಬೀ ಸಾಬ್ ಹರಿಹರದವರು, ಇಪ್ಪತ್ತೆರಡು ವರ್ಷ ಸೈಕಲ್ಲಿನ ಮೇಲೆ ಹಳ್ಳಿ ಹಳ್ಳಿ ತಿರುಗಿ ದಾಕು ಹಾಕಿದವರು. ಆ ಏಪ್ರಿಲ್ ಹದಿನಾರರಂದು ನನ್ನಿಂದ ಲಸಿಕೆ ಪಡೆದು ಸಾರಥಿ ಎಂಬ ಹಳ್ಳಿಯಲ್ಲಿ ಅರವತ್ತನಾಲ್ಕು ಮಕ್ಕಳಿಗೆ ಹಾಕಿದರು. ಎಂಟನೇ ದಿನ ಹೋಗಿ ನೋಡಿದರೆ ದಾಕು ಹತ್ತಿದ್ದರೆ ಏಳಬೇಕಾದ ಬೊಬ್ಬೆ ಒಂದು ತೋಳಿನ ಮೇಲೂ ಎದ್ದಿಲ್ಲ. ನೇರವಾಗಿ ನನ್ನ ಹತ್ತಿರ ಬಂದರು. "ಸಾಹೇಬ್ರೇ, ಮದ್ದು ಸತ್ತೈತ್ರಿ. ಬ್ಯಾರೆ ಕೊಡ್ರಿ, ಎಲ್ಲಾ ಮಕ್ಕಳಿಗೂ ಇನ್ನೊಮ್ಮೆ ಹಾಕಿ ಬರ್ತೀನಿ" ಎಂದರು. ನಾನು ಪುಸ್ತಕ ತೆಗೆದು ತೋರಿಸಿದೆ. "ನೋಡಿ ನಬೀ ಸಾಬ್, ನಲವತ್ತು." ಪಾಪ, ಅವರು ಪುಸ್ತಕ ನೋಡಲಿಲ್ಲ, ನನ್ನ ಮುಖ ನೋಡಿದರು. ಮತ್ತೆ ಕೊಟ್ಟರೆ ಮೊದಲಿನದು ಕೆಟ್ಟಿತ್ತೆಂದು ಒಪ್ಪಿದಂತಾಗುತ್ತದೆ. ಕೊಡಲಿಲ್ಲ.

ಆ ಚಳಿಗಾಲದಲ್ಲಿ ಸಾರಥಿಗೆ ಸಿಡುಬು ಬಂತು. ದುರುಗಮ್ಮ ಎಂಬ ಕೂಲಿ ಹೆಂಗಸಿನ ಮಗಳು, ಐದು ವರ್ಷದ್ದು, ಬದುಕಿಕೊಂಡಿತು. ಕಣ್ಣು ಎರಡೂ ಹೋದವು. ದುರುಗಮ್ಮ ಆ ಮಗುವನ್ನು ಸೊಂಟದ ಮೇಲೆ ಹೊತ್ತು ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಬಂದು ಕೂತಳು. "ದಾಕು ಹಾಕ್ಸಿದ್ದೆನಲ್ರೀ, ಯಾಕ ಬಂತ್ರೀ?" ಎಂದು ಒಬ್ಬೊಬ್ಬರನ್ನೂ ಕೇಳಿದಳು. ನನ್ನನ್ನೂ ಕೇಳಿದಳು. ವಿಚಾರಣೆ ನಡೆಯಿತು. ಪುಸ್ತಕ ಸರಿಯಿದೆ ಎಂದ ಮೇಲೆ ತಪ್ಪು ದಾಕು ಹಾಕಿದ ಕೈಯದೇ ತಾನೆ? ಬಿಸಿಲಿನಲ್ಲಿ ಸೈಕಲ್ ನಿಲ್ಲಿಸಿ ನಿರ್ಲಕ್ಷ್ಯ ಮಾಡಿದರೆಂದು ನಬೀ ಸಾಬರನ್ನು ಸಸ್ಪೆಂಡ್ ಮಾಡಿದರು. ಗೌಸ್ ಪೀರರ ದುರಸ್ತಿಯ ಕಾಗದ ಒಂದು ಬೀರುವಿನಲ್ಲಿತ್ತು, ನನ್ನ ಪುಸ್ತಕ ಇನ್ನೊಂದರಲ್ಲಿತ್ತು. ಎರಡನ್ನೂ ಒಂದೇ ಮೇಜಿನ ಮೇಲೆ ಇಡಿ ಎಂದು ಯಾರೂ ಕೇಳಲಿಲ್ಲ. ಕೇಳದ್ದನ್ನು ಹೇಳುವ ಪದ್ಧತಿ ನಮ್ಮಲ್ಲಿಲ್ಲ.

ವಿಷಯಾಂತರವಾಯಿತು, ಕ್ಷಮಿಸಿ. ಸಂತೋಷದ ದಿನ, ಸಂತೋಷದ ಮಾತಾಡೋಣ. ನನಗೆ ಒಬ್ಬಳು ಮೊಮ್ಮಗಳಿದ್ದಾಳೆ, ಕಸ್ತೂರಿ. ಬರುವ ತಿಂಗಳು ವರ್ಷ ತುಂಬುತ್ತದೆ. ಈ ಜನವರಿಯಲ್ಲಿ ಅವಳಿಗೆ ದಾಕು ಹಾಕಿಸಿದೆವು. ಬೆಂಗಳೂರಿನ ರೈಲು ಬಂತು, ಪೆಟ್ಟಿಗೆ ಇಳಿಸಿಕೊಂಡೆ. ಪೆಟ್ಟಿಗೆ ಉಗ್ರಾಣಕ್ಕೆ ಹೋಯಿತು. ಅದರಿಂದ ಒಂದು ನಳಿಕೆ ಮಾತ್ರ, ಮಂಜುಗಡ್ಡೆ ತುಂಬಿದ ಊಟದ ಕ್ಯಾರಿಯರಿನಲ್ಲಿ, ಸ್ಟೇಷನ್ನಿನಿಂದಲೇ ನನ್ನ ಜೊತೆ ಬಸ್ಸು ಹತ್ತಿತು. ಮಗಳನ್ನೂ ಕೂಸನ್ನೂ ಕರೆದುಕೊಂಡು ನೆಟ್ಟಗೆ ಹರಿಹರಕ್ಕೆ ಹೋದೆ. ನಬೀ ಸಾಬರ ಮನೆಗೆ. ಹೌದು, ಅವರ ಮನೆಗೇ. ಅಂಥ ಹಗುರ ಕೈ ಈ ತಾಲ್ಲೂಕಿನಲ್ಲಿ ಮತ್ತೊಬ್ಬರಿಗಿಲ್ಲ.

"ಬರ್ರಿ, ಕೂಡ್ರಿ" ಎಂದರು. ಅವರ ಹೆಂಡತಿ ಇಮಾಂಬೀ ಬೀಡಿ ಕಟ್ಟುತ್ತಿದ್ದವರು ಮೊರ ಪಕ್ಕಕ್ಕಿಟ್ಟು ಕೂಸಿಗೆ ಚಾಪೆ ಹಾಸಿದರು. ನಬೀ ಸಾಬ್ ಕ್ಯಾರಿಯರಿನ ಮುಚ್ಚಳ ತೆಗೆದು ನೋಡಿ ಒಂದೇ ಮಾತು ಕೇಳಿದರು. "ಇದು ನಿಮ್ಮ ಕೋಣ್ಯಾಗ ಇಟ್ಟಿದ್ದೇನ್ರಿ?"

"ಇಲ್ಲ" ಎಂದೆ.

ಅವರು ಕೈ ತೊಳೆದುಕೊಂಡು ಬಂದು ದಾಕು ಹಾಕಿದರು. ಎಂಟನೇ ದಿನ ಯಾರೂ ಕರೆಯದೆ ತಾವೇ ದಾವಣಗೆರೆಗೆ ಬಂದು, ಎರಡು ಬೊಬ್ಬೆ ಚೆನ್ನಾಗಿ ಎದ್ದದ್ದನ್ನು ನೋಡಿ, "ಇನ್ನ ಹೆದರಬ್ಯಾಡ್ರಿ ಸಾಹೇಬ್ರೇ" ಎಂದು ಹೇಳಿ, ಚಹಾ ಸಹ ಕುಡಿಯದೆ ಹೋದರು.

ಈಗ ನೀವೆಲ್ಲ ನನ್ನನ್ನು ನೋಡುತ್ತಿರುವ ರೀತಿ ನನಗೆ ಅರ್ಥವಾಗುತ್ತದೆ. ಈ ಕಾಗದದಲ್ಲಿ ಇದೆಲ್ಲ ಬರೆದುಕೊಂಡು ಬಂದಿರಲಿಲ್ಲ. ನನ್ನ ಕೋಣೆಯ ಲಸಿಕೆ ಊರ ಮಕ್ಕಳಿಗೆ ಸಾಕು, ನನ್ನ ಮೊಮ್ಮಗಳಿಗೆ ಬೇಡ ಎಂದು ನನಗೆ ಗೊತ್ತಿತ್ತು. ಲಸಿಕೆ ಸತ್ತದ್ದು ಅಂದೇ ಗೊತ್ತಿದ್ದೂ ವಿಚಾರಣೆಯಲ್ಲಿ ಪುಸ್ತಕ ಮುಟ್ಟಿ ಸಾಕ್ಷಿ ಹೇಳಿದೆ. ನಾಚಿಕೆಯಾಗುತ್ತದೆ, ಸ್ವಾಮಿ. ಶಾಲು ಹೊದ್ದುಕೊಂಡು ನಿಂತು ಹೇಳುವುದಕ್ಕೆ ಇನ್ನೂ ನಾಚಿಕೆಯಾಗುತ್ತದೆ.

ಅಧ್ಯಕ್ಷರೇ, ನಬೀ ಸಾಬರನ್ನು ವಜಾ ಮಾಡುವ ಆಜ್ಞೆ ನಾಳೆ ಬೆಳಿಗ್ಗೆ ತಮ್ಮ ಸಹಿಗೆ ಬರುತ್ತದೆ. ಅದರಲ್ಲಿ ಅವರ ಕೈ ಕೆಟ್ಟದ್ದೆಂದು ಬರೆದಿದೆ. ತಾವು ದಯವಿಟ್ಟು ಯಾವ ಪುಸ್ತಕವನ್ನೂ ತರಿಸಬೇಡಿ. ನನ್ನ ಮಗಳು ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಏಳಮ್ಮ, ಅಳಬೇಡ. ಕೂಸನ್ನು ಎತ್ತಿಕೊಂಡು ಮುಂದೆ ಬಾ, ಅಂಗಿಯ ತೋಳು ಮೇಲೆ ಮಾಡು. ಸಾಹೇಬರು ಆ ಎರಡು ಕಲೆ ನೋಡಲಿ, ಆಮೇಲೆ ಸಹಿ ಮಾಡಲಿ.

ಇಷ್ಟು ಹೊತ್ತು ಕೂತು ಕೇಳಿದ ನಿಮಗೆ ಈ ಉಗ್ರಾಣಿಯ ವಂದನೆಗಳು. ಉಪ್ಪಿಟ್ಟು ತಣ್ಣಗಾಗಿದ್ದರೆ ಅದೂ ನನ್ನದೇ ತಪ್ಪು. ನಮಸ್ಕಾರ.