ನಡುವಿನ ಹೆಸರು

ಹಡಪಸರದ ಬಸ್ ನಿಲ್ದಾಣದ ಮರಾಠಿ ಗದ್ದಲದಲ್ಲಿ ರೇಣುವಿಗೆ ಕನ್ನಡ ಕೇಳಿಸಿತು. ಮುಂದೆ ಅಕ್ಕತಂಗಿಯರಿಬ್ಬರು ನಿಂತಿದ್ದರು. ಅವಳು ಬೇರೆಡೆ ನೋಡುತ್ತಲೇ ಕಿವಿಗೊಟ್ಟಳು.

"ಅನುಸೂಯಾ, ನಾ ಅಡಗಿ ಮಾಡ್ತಿದ್ನಲ್ಲ, ಆ ಇಂಗ್ಲಿಷ್ ಮ್ಯಾಡಮ್ ಅವರ ದೇಶದಿಂದ ಫೋನ್ ಮಾಡಿದ್ರು. ಹೆಣ್ಣು ಹುಟ್ಟ್ಯಾದಂತ. ಹೆಲೆನ್ ತಿಪ್ಪವ್ವ ಅಂತ ಹೆಸರಿಟ್ಟಾರ."

"ನಿನ್ನ ಹೆಸರಾ? ಸತ್ತೋರ ಹೆಸರಲ್ಲೇನಕ್ಕ ಇಡೋದು? ನೀ ಇನ್ನಾ ಗಟ್ಟಿ ಇದ್ದೀ."

"ಅವರಲ್ಲಿ ಇದ್ದೋರ ಹೆಸರೂ ಇಡ್ತಾರಂತ, ಪ್ರೀತಿಗೆ."

"ಹಂಗಾದ್ರ ಕೂಸಿಗೆ ತಿಪ್ಪವ್ವ ಅಂತ ಕರೀತಾರೇನು?"

"ಇಲ್ಲ. ಅದು ನಡುವಿನ ಹೆಸರಂತ. ಕರಿಯೂದು ಹೆಲೆನ್ ಅಂತನ."

"ಕರೀಲಾರದ ಹೆಸರು ಯಾಕ ಬೇಕು?" ತಂಗಿ ನಕ್ಕಳು.

"ನನಗ ಮಕ್ಕಳಿಲ್ಲ, ಮರಿಯಿಲ್ಲ. ನಾ ಹೋದಮ್ಯಾಲೆ ಇಲ್ಲಿ ನನ್ನ ಹೆಸರು ಯಾರು ಇಡ್ತಾರ ಹೇಳು." ತಿಪ್ಪವ್ವ ಬಸ್ಸು ಬರುವ ದಿಕ್ಕಿಗೆ ನೋಡಿದಳು. "ಸಿಟ್ಟು ಬಂದಾಗ ಮಾತ್ರ ಅವರಲ್ಲಿ ಅವ್ವಂದಿರು ನಡುವಿಂದೂ ಕೂಡಿಸಿ ಪೂರಾ ಹೆಸರು ಹಿಡದು ಒದರತಾರಂತ."

"ಹಂಗಾ?"

"ಆ ಕೂಸು ಭಾಳ ತುಂಟ ಆಗಲಿ, ದೇವರ."

ಬಸ್ಸು ಬಂತು. ಇಬ್ಬರೂ ಸೆರಗು ಸಿಕ್ಕಿಸಿಕೊಂಡು ನುಗ್ಗಿದರು. ರೇಣುವೂ ಅವರ ಹಿಂದೆಯೇ ಹತ್ತಿದಳು.

"ಅಣ್ಣಗ ಹೇಳಲೇನಕ್ಕ?"

"ಬ್ಯಾಡ. ಅಪಶಕುನ ಅಂತಾನ. ಆ ಹೆಸರು ತಗಸು ಅಂತ ನನ್ನ ಕೈಲೇ ಫೋನ್ ಮಾಡಸ್ತಾನ. ಯಾರಿಗೂ ಹೇಳೂದು ಬ್ಯಾಡ."