ತಿರುಗಿ ಹೇಳಿಸಿದ ಪಾಠ

ಕುಮಟಾ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಕಾಲೇಜು ಹುಡುಗಿಯರು ಕೂತಿದ್ದರು. ಆರೋಗ್ಯ ಶಿಕ್ಷಣ ಓದುವವರು. ಅಘನಾಶಿನಿಯಲ್ಲಿ ಮನೆಮನೆಗೆ ಹೋಗಿ ಪಾಠ ಹೇಳಿ ಬಂದಿದ್ದರು. ಪ್ರಣಿತಾ ಎಂಬವಳ ತೊಡೆಯ ಮೇಲೆ ಸುತ್ತಿದ ಚಾರ್ಟು ಇತ್ತು.

“ಸಣ್ಣಿಯಕ್ಕನ ಮನೇಲಿ ಎಂತ ಕಲಿಸ್ದೆ?” ಇನ್ನೊಬ್ಬಳು, ಸುಪ್ರಿಯಾ, ಕೇಳಿದಳು.

“ಭೇದಿ ಆದ್ರೆ ಉಪ್ಪು-ಸಕ್ಕರೆ ನೀರು ಮಾಡೂದು.”

“ತಿರುಗಿ ಹೇಳಿಸಿದ್ಯಾ?”

“ಹೂಂ. ಸಣ್ಣಿಯಕ್ಕನೂ ಹೇಳಿದ್ಲು, ಮಗಳೂ ಹೇಳ್ತು.”

“ಯಾವ ಮಗಳು?”

“ಮನೆಯವರೆಲ್ಲರ ಹತ್ರನೂ ಹೇಳಿಸ್ಬೇಕು ಅಂತ ಮೇಡಂ ಹೇಳಿದ್ರಲ್ಲ. ‘ಒಳಗೆ ಇದ್ದವರೂ ಹೇಳಿ’ ಅಂದೆ. ಬಾಗಿಲ ಹಿಂದಿಂದ ಒಂದು ಸಣ್ಣ ಹುಡುಗಿ ಹೇಳ್ತು.”

“ಏ ಮಾರಾಯ್ತಿ, ಆ ಮನೇಲಿ ಸಣ್ಣಿಯಕ್ಕ ಒಬ್ಳೇ ಇರೂದು. ಮಗಳು ಹೋದ ಮಳೆಗಾಲದಲ್ಲೇ ತೀರಿಹೋಯ್ತು. ಆ ಊರಿನ ಆಶಾ ಕಾರ್ಯಕರ್ತೆ ಅಕ್ಕ ಹೇಳಿದ್ಲು.”

“ಎಂತಾಗಿ?”

“ಭೇದಿ ಆಗಿ.”

ಪ್ರಣಿತಾ ಚಾರ್ಟನ್ನು ತೊಡೆಯಿಂದ ತೆಗೆದು ಬೆಂಚಿನ ಮೇಲಿಟ್ಟಳು.

“ಅದು ಹೇಳೂವಾಗ ಸಣ್ಣಿಯಕ್ಕ ಎಂತ ಮಾಡ್ತಿದ್ಲು?” ಸುಪ್ರಿಯಾ ಕೇಳಿದಳು.

“ಬಾಗಿಲ ಕಡೆ ನೋಡ್ತಾ ತಲೆ ಆಡಿಸ್ತಿದ್ಲು.”

“ಸರಿ ಹೇಳ್ತಾ ಅದು?”

“ಎಲ್ಲಾ ಸರಿ ಹೇಳ್ತು. ನೀರೆಷ್ಟು, ಸಕ್ಕರೆ ಎಷ್ಟು, ಉಪ್ಪೆಷ್ಟು. ಕಡೆಗೆ ನಾ ಹೇಳಿಕೊಡದ ಒಂದು ಮಾತು ಕೇಳ್ತು.”

“ಎಂತ?”

“‘ಹೋದ ವರ್ಷ ಎಂತಕ್ಕೆ ಬರ್ಲಿಲ್ಲ?’”

ಹೊನ್ನಾವರದ ಬಸ್ಸು ಬಂತು. ಇಬ್ಬರೂ ಕೈ ಹಿಡಿದುಕೊಂಡೇ ಹತ್ತಿದರು. ಚಾರ್ಟು ಬೆಂಚಿನ ಮೇಲೇ ಉಳಿಯಿತು.