ಮೋರಿಸ್ ಕಾರು ಕದ್ದದ್ದಲ್ಲವೆಂದು ಉಡಚಮ್ಮ ಬರೆಸಿದ್ದು

ನನ್ನ ಹೆಸರು ಉಡಚಮ್ಮ, ಗಂಡ ಓಂಕಾರಪ್ಪ, ವಯಸ್ಸು ಮೂವತ್ತನಾಲ್ಕು, ಹೊಲಿಗೆ ಕೆಲಸ, ವಾಸ ಹೊನ್ನಾಳಿ ತಾಲ್ಲೂಕು ನ್ಯಾಮತಿ. ಈ ದಿನ ಠಾಣೆಗೆ ನಾನಾಗಿಯೇ ಹಾಜರಾಗಿ, ನನ್ನ ಗಂಡನ ಮೇಲೆ ಬಂದಿರುವ ಕಾರು ಕಳವಿನ ದೂರಿನ ಬಗ್ಗೆ ನನಗೆ ಗೊತ್ತಿರುವುದನ್ನು ಕೆಳಗಿನಂತೆ ಹೇಳಿ ಬರೆಸುತ್ತಿದ್ದೇನೆ.

ನನ್ನ ಗಂಡ ಖಾಸಗಿ ಬಸ್ಸುಗಳ ಮೆಕ್ಯಾನಿಕ್ ಆಗಿದ್ದರು. 1979ರಲ್ಲಿ ದೊಡ್ಡ ಜ್ವರ ಬಂದು ಅವರ ಎರಡೂ ಕಿವಿ ಕೇಳದಂತಾದವು. ಇಂಜಿನ್ನಿನ ಶಬ್ದ ಕೇಳದವರಿಂದ ರಿಪೇರಿ ಹೇಗೆ ಮಾಡಿಸುವುದೆಂದು ಮಾಲೀಕರು ಕೆಲಸ ಬಿಡಿಸಿದರು. ಅವರಿಗೆ ಮಾತು ಬರುತ್ತದೆ. ಆದರೆ ತಮ್ಮ ದನಿ ಎಷ್ಟು ಜೋರಾಗಿದೆಯೆಂದು ತಮಗೇ ತಿಳಿಯದ ಕಾರಣ ಹೊರಗಿನವರ ಎದುರು ಬಾಯಿ ಬಿಡುವುದಿಲ್ಲ. ಆಮೇಲೆ ಎರಡು ವರ್ಷ ಗೋಡೆಯ ಕಡೆ ಮುಖ ಮಾಡಿ ಮಲಗಿರುವುದೇ ಹೆಚ್ಚಾಗಿತ್ತು.

1981ರ ಬೇಸಿಗೆಯಲ್ಲಿ ಚನ್ನಗಿರಿಯ ಬೊಮ್ಮಕ್ಕ ಎಂಬುವರಿಗೆ ಮಗಳ ಮದುವೆಯ ರವಿಕೆಗಳನ್ನು ಹೊಲಿದು ಕೊಡಲು ಹೋಗಿದ್ದೆ. ಗಂಡನೂ ಜೊತೆಗಿದ್ದರು. ಬೊಮ್ಮಕ್ಕನವರ ಯಜಮಾನರು ದನದ ಡಾಕ್ಟರಾಗಿದ್ದು, ಆ ವೇಳೆಗೆ ತೀರಿಕೊಂಡು ಆರು ವರ್ಷವಾಗಿತ್ತು. ಅವರು ಹಳ್ಳಿಗಳಿಗೆ ಓಡಾಡುತ್ತಿದ್ದ ಮೋರಿಸ್ ಮೈನರ್ ಕಾರು ಹಿತ್ತಲ ಕೊಟ್ಟಿಗೆಯಲ್ಲಿ ನಿಂತಿತ್ತು. ಟಯರುಗಳು ಮಣ್ಣಿಗಿಳಿದಿದ್ದವು, ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ನನ್ನ ಗಂಡ ಬಾನೆಟ್ ಎತ್ತಿ ನೋಡುತ್ತ ನಿಂತುಬಿಟ್ಟರು. ಕೈಹಿಡಿದು ಎಳೆದರೂ ಊಟಕ್ಕೆ ಬರಲಿಲ್ಲ. ಅದನ್ನು ಕಂಡ ಬೊಮ್ಮಕ್ಕನವರು, ‘ಇಲ್ಲೇ ಇದ್ರೆ ಮಣ್ಣಾಗ್ತೈತೆ ಉಡಚಮ್ಮ. ನಿನ್ ಗಂಡ ತಗಂಡೋಗಿ ಏನಾರ ಮಾಡ್ಕಳ್ಳಿ’ ಎಂದರು. ಹಣ ಕೇಳಲಿಲ್ಲ. ಅದೇ ವಾರ ಕಾರನ್ನು ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಹೇರಿಕೊಂಡು ಬಂದೆವು. ಮದುವೆಯಾದ ಮೇಲೆ ಬೊಮ್ಮಕ್ಕನವರು ಜಗಳೂರಿನ ಮಗಳ ಮನೆಗೆ ಹೋಗಿ ಅಲ್ಲೇ ಉಳಿದರು.

ಮನೆಯ ಪಕ್ಕದ ತಗಡಿನ ಚಪ್ಪರದಲ್ಲಿ ನನ್ನ ಗಂಡ ಇಂಜಿನ್ ಪೂರ್ತಿ ಬಿಚ್ಚಿದರು. ನನ್ನ ಹಳೆಯ ಸೀರೆ ಹಾಸಿ, ಬಿಚ್ಚಿದ ಕ್ರಮದಲ್ಲೇ ಸಾಮಾನು ಜೋಡಿಸಿಟ್ಟರು. ಸಿಗದ ಸಾಮಾನಿಗೆ ದಾವಣಗೆರೆಯ ಗುಜರಿ ಅಂಗಡಿಗಳನ್ನು ಸುತ್ತಿದರು. ತುಕ್ಕು ತಿಂದ ತಳಕ್ಕೆ ತಗಡು ಬೆಸೆದರು. ಸೀಟಿನ ಹೊದಿಕೆಗಳನ್ನು ನಾನು ಹೊಲಿದೆ.

1983ರ ದೀಪಾವಳಿ ಕಳೆದ ಮೇಲೆ ಹ್ಯಾಂಡಲ್ ತಿರುವಿದಾಗ ಇಂಜಿನ್ ಹತ್ತಿಕೊಂಡಿತು. ಆದರೆ ಇಡೀ ಕಾರು ಅದುರುತ್ತಿತ್ತು. ಇಂಜಿನ್ ಮೇಲೆ ಅಂಗೈ ಇಟ್ಟು, ಎಲ್ಲೋ ತಪ್ಪುತ್ತಿದೆಯೆಂದು ಅವರು ತಿಳಿದುಕೊಂಡರು. ಅದಕ್ಕಿಂತ ಸೂಕ್ಷ್ಮವಾದದ್ದು ಅಂಗೈಗೆ ಸಿಗಲಿಲ್ಲ. ನೆಲದ ಮೇಲೆ ಕೂತು, ‘ನನ್ ಕೈಲಾಗೋದು ಇಷ್ಟೆ. ಇನ್ನು ಮುಂದಕ್ಕೆ ಕಿವಿ ಬೇಕು’ ಎಂದರು. ನನ್ನ ಹೊಲಿಗೆ ಮಿಷನ್ನಿನಲ್ಲಿ ದಾರ ಸಿಕ್ಕಿಕೊಂಡರೆ ನೋಡದೆಯೇ ಶಬ್ದದಿಂದ ನನಗೆ ತಿಳಿಯುತ್ತದೆ. ಆದ್ದರಿಂದ ನಾನು ನಿಲ್ಲುತ್ತೇನೆಂದು ಸನ್ನೆ ಮಾಡಿದೆ.

ಅವರು ಪೆಟ್ರೋಲಿನ ಹದ ನೋಡುವ ಕಾರ್ಬೊರೇಟರಿನ ಕೆಳಗಿನ ನಟ್ಟನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಶಬ್ದ ಒಡೆದರೆ ನಾನು ಕೈ ಅಲ್ಲಾಡಿಸುತ್ತಿದ್ದೆ, ಒಂದೇ ಸಮ ಬಂದರೆ ಅಂಗೈ ಚಾಚುತ್ತಿದ್ದೆ. ಮೊದಮೊದಲು ಬಹಳ ತಪ್ಪು ಹೇಳಿದೆ. ಆಗೆಲ್ಲ ಅವರು ಪ್ಲಗ್ ಬಿಚ್ಚಿ, ಕಟ್ಟಿದ್ದ ಮಸಿ ತೋರಿಸಿ, ಮತ್ತೆ ನಿಲ್ಲಿಸುತ್ತಿದ್ದರು. ಸಿಟ್ಟು ಮಾಡಲಿಲ್ಲ. ಸಂಕ್ರಾಂತಿಯ ಹೊತ್ತಿಗೆ, ಕಾರು ಓಡುತ್ತಿದ್ದರೂ ಪಕ್ಕದ ಮನೆಯ ತೊಟ್ಟಿಲ ಕೂಸು ಏಳದಷ್ಟು ನಯವಾಯಿತು. ಆಮೇಲೆ ಊರಿನವರೊಬ್ಬರು ಟ್ರ್ಯಾಕ್ಟರನ್ನೂ, ಇನ್ನೊಬ್ಬರು ಜೀಪನ್ನೂ ರಿಪೇರಿಗೆಂದು ನಮ್ಮ ಚಪ್ಪರಕ್ಕೆ ತಂದರು.

ದಿನಾಂಕ 9-2-1984ರಂದು ಬ್ರೇಕ್ ಪರೀಕ್ಷಿಸಲು ಕಾರನ್ನು ಹೊನ್ನಾಳಿಗೆ ತಂದೆವು. ಲೈಸೆನ್ಸ್ ಇರುವ ಬಸ್ ಡ್ರೈವರ್ ರೇವಣ್ಣ ಓಡಿಸಿದರು. ಶಬ್ದ ಕೇಳಲು ನಾನು ಮುಂದೆ ಕೂತಿದ್ದೆ, ಗಂಡ ಹಿಂದೆ ಕೂತಿದ್ದರು. ಬಸ್ ನಿಲ್ದಾಣದಲ್ಲಿದ್ದ ನಲ್ಲೂರಿನ ದೊಡ್ಡಣ್ಣ ಎಂಬುವರು ಕಾರನ್ನು ಗುರುತಿಸಿದರು. ಅವರು ಬೊಮ್ಮಕ್ಕನವರ ಮೈದುನ. ಅತ್ತಿಗೆ ಕಾರು ಕೊಟ್ಟದ್ದು ತಿಳಿಯದೆ, ಅಣ್ಣನ ಕಾರು ಕೊಟ್ಟಿಗೆಯಿಂದ ಕಳುವಾಗಿದೆಯೆಂದು ದೂರು ಕೊಟ್ಟರು.

ಮರುದಿನ ನಾನು ಹೊಲಿದ ಬಟ್ಟೆ ಕೊಟ್ಟು ಮನೆಗೆ ಬಂದಾಗ ಚಪ್ಪರ ಖಾಲಿಯಾಗಿತ್ತು. ಸ್ಪ್ಯಾನರುಗಳು ನೆಲದಲ್ಲಿ ಚೆಲ್ಲಿದ್ದವು. ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೇ ಇತ್ತು. ಪೊಲೀಸರು ಕಾರಿನ ಸಮೇತ ಅವರನ್ನು ಠಾಣೆಗೆ ಕರೆದೊಯ್ದರೆಂದು ಪಕ್ಕದ ಮನೆಯವರು ತಿಳಿಸಿದರು. ನಾನು ಠಾಣೆಗೆ ಬಂದಾಗ, ಕೇಳಿದ ಯಾವ ಪ್ರಶ್ನೆಗೂ ನನ್ನ ಗಂಡ ಉತ್ತರ ಕೊಟ್ಟಿಲ್ಲವೆಂದು ಪೊಲೀಸರು ಹೇಳಿದರು. ಅವರಿಗೆ ಕಿವಿ ಕೇಳುವುದಿಲ್ಲವೆಂದು ತಿಳಿಸಿದೆ. ಕೂಡಲೇ ಕುರ್ಚಿ ಕೊಟ್ಟು ಕೂರಿಸಿದರು. ವಿಚಾರಣೆಗೆ ಕರೆದಾಗ ಬರಬೇಕೆಂದು ಹೇಳಿ ಅಂದೇ ನನ್ನ ಜೊತೆ ಕಳಿಸಿದರು. ಕಾರು ಠಾಣೆಯ ಅಂಗಳದಲ್ಲಿ ಉಳಿಯಿತು.

ಮನೆಗೆ ಬಂದವರೇ ನನ್ನ ಗಂಡ, ‘ಹೋದ್ರೆ ಹೋತು ಬಿಡು’ ಎಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ಅದನ್ನು ನೋಡಲಾಗದೆ, ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ದಾವಣಗೆರೆಯ ಮೇಲೆ ಜಗಳೂರಿಗೆ ಹೋದೆ. ಬೊಮ್ಮಕ್ಕನವರಿಗೆ ಮಂಡಿನೋವಿದ್ದು, ನಡೆಯುವುದು ಕಷ್ಟ. ವಿಷಯ ಕೇಳಿ ಅವರು ಅಂದದ್ದು ಇಷ್ಟೇ: ‘ಬೆಳಿಗ್ಗೆ ಹೊನ್ನಾಳಿಗೆ ಹೋಗಾಕೆ ಬಸ್ ಎಷ್ಟೊತ್ತಿಗೈತೆ?’

ಈ ದಿನ ಮಧ್ಯಾಹ್ನ ನಾವಿಬ್ಬರೂ ಠಾಣೆಗೆ ಬಂದೆವು. ವಿಚಾರಣೆಗೆ ಕರೆಸಿದ್ದರಿಂದ ನನ್ನ ಗಂಡನೂ ದೊಡ್ಡಣ್ಣನವರೂ ಬಂದಿದ್ದರು. ಬೊಮ್ಮಕ್ಕನವರು ಸಬ್ ಇನ್ಸ್‌ಪೆಕ್ಟರ್ ಸಾಹೇಬರ ಎದುರೇ ಮೈದುನನಿಗೆ, ‘ಕಾರು ಕೊಟ್ಟಾಕಿ ನಾನು ಕಣಪ್ಪ. ನಿಂಗೊಂದು ಮಾತೂ ಹೇಳ್ದೆ ಕೊಟ್ಬಿಟ್ಟೆ’ ಎಂದರು. ದೊಡ್ಡಣ್ಣನವರು, ತಾವು ಗಾಡಿ ಕಲಿತದ್ದೇ ಅಣ್ಣನ ಆ ಕಾರಿನಲ್ಲೆಂದೂ, ಅದರಲ್ಲಿ ಬೇರೆಯವರು ಕೂತದ್ದು ಕಂಡು ಸಹಿಸಲಾಗದೆ ನೇರ ಠಾಣೆಗೆ ಬಂದದ್ದೆಂದೂ ಹೇಳಿದರು. ಆಮೇಲೆ, ‘ಒಂದ್ಸಲ ಚಾಲೂ ಮಾಡ್ರಿ, ಕೇಳ್ತೀನಿ’ ಎಂದರು.

ಸಾಹೇಬರ ಅಪ್ಪಣೆಯಾದ ಮೇಲೆ ನನ್ನ ಗಂಡ ಹ್ಯಾಂಡಲ್ ತಿರುವಿದರು. ಕಾರು ಎರಡು ದಿನ ಸುಮ್ಮನೆ ನಿಂತಿದ್ದರಿಂದ ಶಬ್ದ ಒಡೆಯುತ್ತಿತ್ತು. ನಾನು ಎಂದಿನಂತೆ ಮುಂದೆ ನಿಂತು ಕೈ ತೋರಿಸಿದೆ, ಅವರು ನಟ್ಟು ತಿರುಗಿಸಿದರು. ಒಂದೇ ಸಮ ಬಂದಾಗ ಅಂಗೈ ಚಾಚಿದೆ. ದೊಡ್ಡಣ್ಣನವರು ಹತ್ತಿರ ಬಂದು ನನ್ನ ಗಂಡನ ಕೈಯ ಪಕ್ಕ ತಮ್ಮ ಕೈಯನ್ನೂ ಮಡ್‌ಗಾರ್ಡಿನ ಮೇಲೆ ಇಟ್ಟರು. ‘ಅಣ್ಣನ ಕಾಲ್ದಾಗೂ ಹಿಂಗೆ ಓಡಿರ್ಲಿಲ್ಲ’ ಎಂದು ಅತ್ತಿಗೆಗೆ ಹೇಳಿದರು. ದೂರು ವಾಪಸ್ ಪಡೆಯುವುದಾಗಿ ಅವರೂ, ಕಾರನ್ನು ನನ್ನ ಗಂಡನ ಹೆಸರಿಗೆ ಮಾಡಿಸಿಕೊಡುವುದಾಗಿ ಬೊಮ್ಮಕ್ಕನವರೂ ಸಾಹೇಬರಿಗೆ ತಿಳಿಸಿದ್ದಾರೆ. ಬೊಮ್ಮಕ್ಕನವರಿಗೆ ಈ ಸಂಜೆ ಅದೇ ಕಾರಿನಲ್ಲಿ ಚನ್ನಗಿರಿಯ ಮನೆ ನೋಡಿ ಬರುವ ಆಸೆಯಿದೆ. ರೇವಣ್ಣನವರಿಗೆ ಹೇಳಿ ಕಳಿಸಿದ್ದೇವೆ. ಆದ್ದರಿಂದ ಕಾರನ್ನು ನಮ್ಮ ವಶಕ್ಕೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಲ್ಲಿಯವರೆಗೆ ಬರೆದದ್ದನ್ನು ನನಗೆ ಓದಿ ಹೇಳಿದರು. ಏನು ಬರೆಸಿದೆಯೆಂದು ಗಂಡ ಕೇಳಿದ್ದರಿಂದ ಸನ್ನೆಯಲ್ಲಿ ತಿಳಿಸಿದೆ. ಆಗ ಅವರು ಬರೆದುಕೊಳ್ಳುತ್ತಿದ್ದವರ ಮೇಜಿನ ಹತ್ತಿರ ಬಂದು, ರಸ್ತೆಗೂ ಕೇಳುವಷ್ಟು ಜೋರಾಗಿ, ‘ಸ್ವಾಮಿ, ಮೆಕ್ಯಾನಿಕ್ ನಾನೊಬ್ನೇ ಅಲ್ಲ. ಇವ್ಳೂ ಮೆಕ್ಯಾನಿಕ್ಕೇ. ಹೊಲಿಗೆ ಕೆಲ್ಸ ಅಂತಷ್ಟೇ ಬರ್ದೀರಿ, ಇದ್ನೂ ಸೇರಿಸ್ರಿ’ ಎಂದರು. ಅದರಂತೆ ನನ್ನ ಉದ್ಯೋಗವನ್ನು ಹೊಲಿಗೆ ಮತ್ತು ಮೋಟಾರು ರಿಪೇರಿ ಎಂದು ಓದಿಕೊಳ್ಳತಕ್ಕದ್ದು.

ನಾನು ಕಂಡದ್ದು, ಕೇಳಿದ್ದು ಇಷ್ಟು. ಇದರಲ್ಲಿ ಸುಳ್ಳಿಲ್ಲವೆಂದು ಒಪ್ಪಿ ರುಜು ಮಾಡಿದ್ದೇನೆ.

ಸ್ಥಳ: ಹೊನ್ನಾಳಿ
ದಿನಾಂಕ: 12-2-1984
(ಸಹಿ) ಉಡಚಮ್ಮ